ಪ್ರೆಸ್ ಮುಂದಿನ ಕೈ: ಸುರಕ್ಷತಾ ಸೆನ್ಸರ್ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ವರ ತಂಡ ಒಂದು ಮಿನಿ ಪ್ರಾಜೆಕ್ಟ್ ಮಾಡಿತ್ತು. ಒಂದು ಆರ್ಡುಯಿನೋ ಬೋರ್ಡ್, ಎಂಟು ಜೋಡಿ ಐಆರ್ ಎಲ್‌ಇಡಿ ಮತ್ತು ರಿಸೀವರ್, ಒಂದು ರಿಲೇ. ಬೆಳಕಿನ ಸಾಲಿಗೆ ಕೈ ಅಡ್ಡ ಬಂದರೆ ರಿಲೇ ಬಿಟ್ಟುಕೊಂಡು ಯಂತ್ರದ ಮೋಟರ್ ಆಫ್ ಆಗಬೇಕು, ಇಷ್ಟೇ ಐಡಿಯಾ. ಲ್ಯಾಬ್‌ನಲ್ಲಿ ಒಂದು ಟೇಬಲ್ ಫ್ಯಾನ್ ಇಟ್ಟು ತೋರಿಸಿದೆವು. ಕೈ ಇಟ್ಟ ತಕ್ಷಣ ಫ್ಯಾನ್ ಆಫ್. ಇಂಟರ್ನಲ್ಸ್‌ನಲ್ಲಿ ಒಳ್ಳೆ ಮಾರ್ಕ್ಸೂ ಬಂತು. ಎರಡು ಸಾವಿರ ರೂಪಾಯಿ ಒಳಗೆ ಕಾರ್ಮಿಕರ ಬೆರಳು ಉಳಿಸೋ ಸಾಧನ ಮಾಡಿದ್ದೀವಿ ಅಂತ ನಮಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನಮ್ಮ ಗೈಡ್ ಮೇಡಂ, "ಇದನ್ನ ಒಂದು ಸಲ ನಿಜವಾದ ಪ್ರೆಸ್ ಶಾಪ್‌ನಲ್ಲಿ ತೋರಿಸಿ ಬನ್ನಿ" ಅಂದರು. ಹಾಗೆ ಹೋಗಿದ್ದು ಪೀಣ್ಯದ ಒಂದು ಸಣ್ಣ ಶಾಪ್‌ಗೆ. ವಾಷರ್, ಬ್ರಾಕೆಟ್, ಕ್ಲಿಪ್ ಹೊಡೆಯುವ ಏಳೆಂಟು ಪವರ್ ಪ್ರೆಸ್‌ಗಳು ಅಲ್ಲಿದ್ದವು. ಗದಗ ಕಡೆಯ ಒಬ್ಬ ಹಿರಿಯ ಆಪರೇಟರ್ ಅಣ್ಣ ನಮ್ಮ ಸಾಧನವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಎಡಗೈಯಲ್ಲಿ ತೋರುಬೆರಳು ಮತ್ತು ನಡುಬೆರಳು ಅರ್ಧಕ್ಕೇ ಮುಗಿದಿದ್ದವು.

"ಛಲೋ ಮಾಡೀರಿ ತಮ್ಮಾ. ಆದ್ರ ಈ ಬೆಳಕ ಕಟ್ ಆದ್ರ ನನ್ನ ಪ್ರೆಸ್ ಎಲ್ಲಿ ನಿಲ್ತೈತಿ?" ಎಂದು ಕೇಳಿದರು.

"ಅಲ್ಲೇ ನಿಲ್ಲುತ್ತೆ ಅಣ್ಣ. ಮೋಟರ್ ಆಫ್ ಆಗುತ್ತಲ್ಲ."

ಅವರು ಏನೂ ಹೇಳಲಿಲ್ಲ. ಡೈ ಮೇಲೆ ಒಂದು ರಟ್ಟಿನ ತುಂಡು ಇಟ್ಟರು. ನಮ್ಮನ್ನು ಹಿಂದೆ ಸರಿಸಿ, ನಮ್ಮಲ್ಲೊಬ್ಬನನ್ನು ಮೋಟರ್ ಸ್ವಿಚ್ ಹತ್ತಿರ ನಿಲ್ಲಿಸಿದರು. "ನೀ ಮೊದಲ ಆಫ್ ಮಾಡು, ಆಮ್ಯಾಲೆ ನಾ ಪೆಡಲ್ ಒತ್ತತೀನಿ" ಅಂದರು. ಸ್ವಿಚ್ ಆಫ್ ಆಯಿತು. ಅವರು ಪೆಡಲ್ ಒತ್ತಿದರು. ರ‍್ಯಾಮ್ ಧಡ್ ಅಂತ ಕೆಳಗೆ ಬಂದು ರಟ್ಟಿಗೆ ತೂತು ಹೊಡೆದು ಮೇಲೆ ಹೋಯಿತು. ಮೋಟರ್‌ಗೆ ಆಗ ಕರೆಂಟೇ ಇರಲಿಲ್ಲ.

ನಾವು ಮಾಡಿದ ತಪ್ಪು ಏನು, ಅದರಿಂದ ನಾವು ಕಲಿತದ್ದು ಏನು ಅನ್ನೋದನ್ನ ಈ ಲೇಖನದಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇ ಆಂಡ್ ಸಿ ಯಾವ ಬ್ರಾಂಚ್‌ನವರಾದರೂ ಮುಂದೆ ಒಂದಲ್ಲ ಒಂದು ದಿನ ಯಂತ್ರದ ಪಕ್ಕ ನಿಲ್ಲುವವರ ಬಗ್ಗೆ ನಿರ್ಧಾರ ಮಾಡಬೇಕಾಗುತ್ತದೆ. ಆಗ ಇದು ಉಪಯೋಗಕ್ಕೆ ಬರಬಹುದು.

ಮೊದಲ ಪ್ರಶ್ನೆ: ಈ ಯಂತ್ರ ನಡುವೆ ನಿಲ್ಲಬಲ್ಲದೇ?

ಮೆಕ್ಯಾನಿಕಲ್ ಪ್ರೆಸ್‌ನಲ್ಲಿ ಮೋಟರ್ ನೇರವಾಗಿ ರ‍್ಯಾಮ್ ಅನ್ನು ಒತ್ತುವುದಿಲ್ಲ. ಮೋಟರ್ ಒಂದು ಭಾರದ ಫ್ಲೈವೀಲ್ ಅನ್ನು ಸದಾ ತಿರುಗಿಸುತ್ತಿರುತ್ತದೆ. ಪೆಡಲ್ ಒತ್ತಿದಾಗ ಕ್ಲಚ್ ಮೂಲಕ ಫ್ಲೈವೀಲ್ ಕ್ರ್ಯಾಂಕ್ ಶಾಫ್ಟ್‌ಗೆ ಸೇರಿಕೊಳ್ಳುತ್ತದೆ, ರ‍್ಯಾಮ್ ಇಳಿಯುತ್ತದೆ. ಹಾಗಾಗಿ ಹೊಡೆತದ ಶಕ್ತಿ ಇರುವುದು ಫ್ಲೈವೀಲ್‌ನಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. 100 ಕೆ.ಜಿ. ತೂಕ, 40 ಸೆಂ.ಮೀ. ತ್ರಿಜ್ಯದ ಗಟ್ಟಿ ಚಕ್ರ ನಿಮಿಷಕ್ಕೆ 150 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅದರ ಜಡತ್ವ ಮಹತ್ವ, ಅಂದರೆ ಮೊಮೆಂಟ್ ಆಫ್ ಇನರ್ಷಿಯಾ, 8 ಕೆ.ಜಿ. ಚದರ ಮೀಟರ್. ಅದರಲ್ಲಿರುವ ಶಕ್ತಿ ಸುಮಾರು 1,000 ಜೌಲ್. 100 ಕೆ.ಜಿ. ಕಬ್ಬಿಣದ ಗುಂಡು ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಮೋಟರ್ ಆಫ್ ಮಾಡಿದರೆ ಈ ಶಕ್ತಿ ಎಲ್ಲೂ ಹೋಗುವುದಿಲ್ಲ. ಚಕ್ರ ತಾನಾಗಿ ನಿಲ್ಲುವವರೆಗೂ ಹೊಡೆತ ಸಿದ್ಧವಾಗಿಯೇ ಇರುತ್ತದೆ. ನಾವು ಟೇಬಲ್ ಫ್ಯಾನ್ ಮೇಲೆ ಪರೀಕ್ಷೆ ಮಾಡಿದಾಗಲೂ ರೆಕ್ಕೆ ನಿಧಾನಕ್ಕೆ ನಿಂತಿದ್ದನ್ನು ಕಣ್ಣಾರೆ ನೋಡಿದ್ದೆವು, ಗಮನ ಕೊಟ್ಟಿರಲಿಲ್ಲ ಅಷ್ಟೆ.

ಇನ್ನು ಕ್ಲಚ್ ವಿಷಯ. ಇದರಲ್ಲಿ ಎರಡು ಮುಖ್ಯ ಬಗೆ.

ಒಂದು, ಕೀ ಕ್ಲಚ್. ಪೆಡಲ್ ಒತ್ತಿದರೆ ಒಂದು ಉಕ್ಕಿನ ಕೀ ಹೊರಳಿ ಚಕ್ರಕ್ಕೂ ಶಾಫ್ಟ್‌ಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಸಿಕ್ಕಿಕೊಂಡರೆ ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ಮುಗಿಸಿದ ಮೇಲೇ ಬಿಡುವುದು. ನಡುವೆ ಬಿಡಿಸಲು ದಾರಿಯೇ ಇಲ್ಲ. ಇದನ್ನು ಪೂರ್ಣ ಸುತ್ತಿನ ಕ್ಲಚ್ ಎನ್ನುತ್ತಾರೆ. ನಮ್ಮ ಸಣ್ಣ ಶಾಪ್‌ಗಳಲ್ಲಿ ಕಾಣುವ ಹಳೇ ಪೆಡಲ್ ಪ್ರೆಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ.

ಎರಡು, ಗಾಳಿ ಒತ್ತಡದ ಫ್ರಿಕ್ಷನ್ ಕ್ಲಚ್. ಗಾಳಿ ಇದ್ದಾಗ ಕ್ಲಚ್ ಹಿಡಿಯುತ್ತದೆ. ಗಾಳಿ ಬಿಟ್ಟರೆ ಸ್ಪ್ರಿಂಗ್ ಬಲದಿಂದ ಬ್ರೇಕ್ ಬೀಳುತ್ತದೆ. ರ‍್ಯಾಮ್ ಎಲ್ಲಿದ್ದರೂ ಅಲ್ಲೇ, ಸ್ವಲ್ಪ ಸಮಯದಲ್ಲಿ ನಿಲ್ಲುತ್ತದೆ. ಕರೆಂಟ್ ಹೋದರೂ ನಿಲ್ಲುತ್ತದೆ, ಏರ್ ಪೈಪ್ ಒಡೆದರೂ ನಿಲ್ಲುತ್ತದೆ.

ಬೆಳಕಿನ ಪರದೆ, ಅಂದರೆ ಲೈಟ್ ಕರ್ಟನ್, ಎರಡನೇ ಬಗೆಗೆ ಮಾತ್ರ ಸರಿ. ಅಮೆರಿಕದ ಓಶಾ ನಿಯಮಗಳು ಪೂರ್ಣ ಸುತ್ತಿನ ಕ್ಲಚ್ ಇರುವ ಪ್ರೆಸ್‌ಗೆ ಕೈ ಪತ್ತೆ ಮಾಡುವ ಸೆನ್ಸರ್ ಅನ್ನು ರಕ್ಷಣೆಯಾಗಿ ಬಳಸಲೇಬಾರದು ಎನ್ನುತ್ತವೆ. ಕಾರಣ ಸರಳ. ಸೆನ್ಸರ್ ನೋಡುತ್ತದೆ, ನಿಲ್ಲಿಸುವುದು ಬ್ರೇಕ್. ಬ್ರೇಕ್ ಕೆಲಸ ಮಾಡಲು ಅವಕಾಶವೇ ಇಲ್ಲದ ಕಡೆ ಎಷ್ಟು ದುಬಾರಿ ಸೆನ್ಸರ್ ಹಾಕಿದರೂ ಅದು ಅಪಘಾತವನ್ನು ನೋಡುತ್ತಾ ನಿಂತಿರುತ್ತದೆ.

ಆ ಅಣ್ಣನ ಬೆರಳು ಹೋದದ್ದು ಹೇಗೆ ಅಂತ ಆಮೇಲೆ ಟೀ ಕುಡಿಯುವಾಗ ಅವರೇ ಹೇಳಿದರು. ಹಿಂದೆ ಬೇರೆ ಶಾಪ್‌ನಲ್ಲಿದ್ದಾಗ ನಡೆದದ್ದು. ಒಂದು ಹೊಡೆತ ಮುಗಿದು ರ‍್ಯಾಮ್ ಮೇಲೆ ಹೋಗಿತ್ತು. ಪೀಸ್ ತೆಗೆಯಲು ಕೈ ಹಾಕಿದರು. ಪೆಡಲ್ ಮೇಲೆ ಕಾಲೇ ಇರಲಿಲ್ಲ. ರ‍್ಯಾಮ್ ತಾನಾಗಿ ಇನ್ನೊಮ್ಮೆ ಬಂತು. ಸವೆದ ಕೀ ಅಥವಾ ಮುರಿದ ಸ್ಪ್ರಿಂಗ್ ಇದ್ದರೆ ಕೀ ಸರಿಯಾಗಿ ಬಿಟ್ಟುಕೊಳ್ಳದೆ ಹೀಗೆ ಎರಡನೇ ಹೊಡೆತ ಬರುತ್ತದೆ. ಅದನ್ನು ರಿಪೀಟ್ ಸ್ಟ್ರೋಕ್ ಎನ್ನುತ್ತಾರೆ. ಆ ದಿನ ಅಲ್ಲಿ ನಮ್ಮ ಸಾಧನ ಇದ್ದಿದ್ದರೂ ಆ ಬೆರಳುಗಳು ಉಳಿಯುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

ಎರಡನೇ ಪ್ರಶ್ನೆ: ಕೈ ಅಲ್ಲಿಗೆ ಹೋಗಲೇಬೇಕಾ?

ಯಂತ್ರ ಸುರಕ್ಷತೆಯ ಮೂಲ ಮಾನದಂಡ ಐಎಸ್‌ಒ 12100 ಒಂದು ಕ್ರಮ ಹೇಳುತ್ತದೆ. ಮೊದಲು ವಿನ್ಯಾಸದಲ್ಲೇ ಅಪಾಯ ತೆಗೆಯಿರಿ. ಆಗದಿದ್ದರೆ ಗಾರ್ಡ್ ಅಥವಾ ರಕ್ಷಣಾ ಸಾಧನ ಹಾಕಿ. ಅದಾದ ಮೇಲೂ ಉಳಿಯುವ ಅಪಾಯಕ್ಕೆ ತರಬೇತಿ, ಎಚ್ಚರಿಕೆ ಫಲಕ. ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತೇವೆ. ಮೊದಲು "ಎಚ್ಚರಿಕೆ" ಬೋರ್ಡ್, ಆಮೇಲೆ ಸೆನ್ಸರ್, ವಿನ್ಯಾಸದ ಮಾತೇ ಇಲ್ಲ.

ಕೀ ಕ್ಲಚ್ ಪ್ರೆಸ್‌ನಲ್ಲಿ ಪಟ್ಟಿ, ಅಂದರೆ ಸ್ಟ್ರಿಪ್, ತಳ್ಳುತ್ತಾ ವಾಷರ್ ಹೊಡೆಯುತ್ತಿದ್ದಾರೆ ಎಂದುಕೊಳ್ಳಿ. ಪಟ್ಟಿಯ ದಪ್ಪ 2 ಮಿ.ಮೀ. ಅದು ಒಳಗೆ ಹೋಗಲು 6 ಮಿ.ಮೀ. ಸೀಳು ಸಾಕು. ಡೈ ಸುತ್ತ ಗಟ್ಟಿಯಾದ ಸ್ಥಿರ ಗಾರ್ಡ್ ಕಟ್ಟಿ ಅಷ್ಟೇ ಸೀಳು ಬಿಟ್ಟರೆ ಬೆರಳು ಅಪಾಯದ ಜಾಗ ಮುಟ್ಟಲಾರದು. ಎಷ್ಟು ಅಗಲದ ಸೀಳಿಗೆ ಗಾರ್ಡ್ ಎಷ್ಟು ದೂರ ಇರಬೇಕು ಅನ್ನೋದಕ್ಕೆ ಐಎಸ್‌ಒ 13857ರಲ್ಲಿ ಪಟ್ಟಿ ಇದೆ. 4ರಿಂದ 6 ಮಿ.ಮೀ. ಸೀಳಾದರೆ ಕನಿಷ್ಠ 10 ಮಿ.ಮೀ. ದೂರ. 6ರಿಂದ 8 ಆದರೆ 20 ಮಿ.ಮೀ. 12ರಿಂದ 20 ಆದರೆ 120 ಮಿ.ಮೀ. 20 ಮಿ.ಮೀ. ದಾಟಿದರೆ ತೋಳೇ ಒಳಗೆ ಹೋಗಬಹುದು, ಆಗ 850 ಮಿ.ಮೀ. ಬೇಕು.

ಬಿಡಿ ಬಿಡಿ ಪೀಸ್ ಇಟ್ಟು ಹೊಡೆಯುವ ಕೆಲಸವಾದರೆ ಜಾರುವ ತಟ್ಟೆ, ಇಳಿಜಾರಿನ ಚ್ಯೂಟ್, ಗಾಳಿಯಿಂದ ಪೀಸ್ ಹೊರಗೆ ತಳ್ಳುವ ಏರ್ ಬ್ಲೋ ಇವೆಲ್ಲ ಇವೆ. ಉದ್ದ ಹಿಡಿಯ ಮ್ಯಾಗ್ನೆಟ್, ಇಕ್ಕುಳ ಕೂಡ ಸಹಾಯಕ್ಕೆ ಬರುತ್ತವೆ. ಆದರೆ ಇಕ್ಕುಳ ಗಾರ್ಡ್‌ಗೆ ಬದಲಿ ಅಲ್ಲ. ಅವಸರದಲ್ಲಿ ಅದನ್ನು ಬಿಟ್ಟು ಕೈಯೇ ಹೋಗುತ್ತದೆ.

ಸೆನ್ಸರ್ ಬೇಕಾಗುವುದು ಇವೆಲ್ಲ ಮಾಡಿದ ಮೇಲೂ, ಕೆಲಸದ ಸ್ವಭಾವದಿಂದಾಗಿ ಪ್ರತಿ ಸುತ್ತಿಗೂ ಕೈ ಒಳಗೆ ಹೋಗಿ ಬರಲೇಬೇಕಾದ ಕಡೆ.

ಮೂರನೇ ಪ್ರಶ್ನೆ: ನಿಲ್ಲಲು ಎಷ್ಟು ಹೊತ್ತು, ಹಾಗಾದರೆ ಎಷ್ಟು ದೂರ?

ಲೈಟ್ ಕರ್ಟನ್ ಅನ್ನು ಡೈಗೆ ಅಂಟಿಕೊಂಡ ಹಾಗೆ ಹಾಕಿದರೆ ಏನಾಗುತ್ತದೆ? ಕೈ ಬೆಳಕನ್ನು ದಾಟಿದ ಕ್ಷಣದಿಂದ ರ‍್ಯಾಮ್ ನಿಲ್ಲುವವರೆಗೂ ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಕೈ ಡೈ ತಲುಪಿರುತ್ತದೆ. ಆದ್ದರಿಂದ ಪರದೆ ದೂರ ಇರಬೇಕು. ಎಷ್ಟು ದೂರ ಅನ್ನೋದಕ್ಕೆ ಐಎಸ್‌ಒ 13855 ಒಂದು ಸೂತ್ರ ಕೊಡುತ್ತದೆ:

ಕನಿಷ್ಠ ದೂರ = ಕೈಯ ವೇಗ × ಒಟ್ಟು ನಿಲ್ಲುವ ಸಮಯ + ಹೆಚ್ಚುವರಿ ದೂರ

ಕೈಯ ವೇಗ ಸೆಕೆಂಡಿಗೆ 2,000 ಮಿ.ಮೀ. ಎಂದು ಹಿಡಿಯಬೇಕು. ಲೆಕ್ಕದಲ್ಲಿ ದೂರ 500 ಮಿ.ಮೀ. ದಾಟಿದರೆ 1,600 ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಬಹುದು. ಆದರೆ ಆಗ ಉತ್ತರ 500ಕ್ಕಿಂತ ಕಡಿಮೆ ಬಂದರೂ 500 ಎಂದೇ ಇಟ್ಟುಕೊಳ್ಳಬೇಕು. ಒಟ್ಟು ಸಮಯದಲ್ಲಿ ಪರದೆ ಪ್ರತಿಕ್ರಿಯಿಸುವ ಸಮಯ, ಸೇಫ್ಟಿ ರಿಲೇ ಬಿಡುವ ಸಮಯ, ಯಂತ್ರ ನಿಲ್ಲುವ ಸಮಯ ಮೂರೂ ಸೇರಬೇಕು. ಹೆಚ್ಚುವರಿ ದೂರ ಪರದೆಯ ರೆಸಲ್ಯೂಷನ್ ಮೇಲೆ ನಿಂತಿದೆ. ರೆಸಲ್ಯೂಷನ್ ಅಂದರೆ ಪರದೆ ಖಚಿತವಾಗಿ ಪತ್ತೆ ಮಾಡುವ ಅತಿ ಸಣ್ಣ ವಸ್ತುವಿನ ದಪ್ಪ. 14 ಮಿ.ಮೀ. ಪರದೆ ಬೆರಳನ್ನು ಹಿಡಿಯುತ್ತದೆ. 30 ಮಿ.ಮೀ. ಪರದೆ ಅಂಗೈಯನ್ನು ಹಿಡಿಯುತ್ತದೆ, ಬೆರಳು ನುಸುಳಿ ಹೋಗಬಹುದು. 40 ಮಿ.ಮೀ. ಒಳಗಿನ ಪರದೆಗೆ ಹೆಚ್ಚುವರಿ ದೂರ ಹೀಗೆ: ರೆಸಲ್ಯೂಷನ್‌ನಲ್ಲಿ 14 ಕಳೆದು 8ರಿಂದ ಗುಣಿಸಿ.

ಒಂದು ಉದಾಹರಣೆ. ಪರದೆ 15, ರಿಲೇ 20, ಪ್ರೆಸ್ 150 ಮಿಲಿಸೆಕೆಂಡ್. ಒಟ್ಟು 185.

14 ಮಿ.ಮೀ. ಪರದೆಗೆ: 2,000 × 0.185 + 0 = 370 ಮಿ.ಮೀ.

30 ಮಿ.ಮೀ. ಪರದೆಗೆ: 370 + 8 × 16 = 370 + 128 = 498 ಮಿ.ಮೀ.

ಸ್ವಲ್ಪ ಅಗ್ಗದ 30 ಮಿ.ಮೀ. ಪರದೆ ಕೊಂಡರೆ ಅದನ್ನು ಅರ್ಧ ಮೀಟರ್ ದೂರ ಇಡಬೇಕು. ಅಷ್ಟು ದೂರದಿಂದ ದಿನವಿಡೀ ಕೈ ಚಾಚಿ ಪೀಸ್ ಇಡಲು ಯಾರಿಗೂ ಆಗುವುದಿಲ್ಲ. ಒಂದು ವಾರದಲ್ಲಿ ಯಾರೋ ಬ್ರಾಕೆಟ್ ಸಡಿಲಿಸಿ ಅದನ್ನು ಹತ್ತಿರ ತಂದಿರುತ್ತಾರೆ. ಸೆನ್ಸರ್ ಕೊಳ್ಳುವಾಗ ಉಳಿಸಿದ ಹಣ ಹೀಗೆ ತಿರುಗಿ ಬರುತ್ತದೆ.

ಈಗ ಅದೇ ಪ್ರೆಸ್‌ನ ಬ್ರೇಕ್ ಲೈನಿಂಗ್ ಸವೆದು, ನಿಲ್ಲುವ ಸಮಯ 150ರಿಂದ 265 ಮಿಲಿಸೆಕೆಂಡ್ ಆಯಿತು ಎನ್ನಿ. ಒಟ್ಟು 300. ಸೂತ್ರದ ಪ್ರಕಾರ 14 ಮಿ.ಮೀ. ಪರದೆಗೂ ಈಗ 500 ಮಿ.ಮೀ. ಬೇಕು. ಪರದೆ ಮಾತ್ರ 370ರಲ್ಲೇ ಇದೆ. ಹಸಿರು ದೀಪ ಉರಿಯುತ್ತಿದೆ, ಟೆಸ್ಟ್ ಕಡ್ಡಿ ಇಟ್ಟರೆ ಕೆಂಪು ಆಗುತ್ತಿದೆ. ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ, ಆದರೆ ರಕ್ಷಣೆ ಹೋಗಿರುತ್ತದೆ. ಅದಕ್ಕೇ ನಿಲ್ಲುವ ಸಮಯವನ್ನು ಕ್ಯಾಟಲಾಗ್ ನೋಡಿ ಬರೆದುಕೊಳ್ಳಬಾರದು. ರ‍್ಯಾಮ್ ವೇಗವಾಗಿ ಇಳಿಯುವ ಹಂತದಲ್ಲಿ, ಹತ್ತು ಸಲ ಅಳೆಯಬೇಕು. ಅತಿ ಕೆಟ್ಟ ಅಂಕಿಯನ್ನು ನಂಬಬೇಕು. ಆಗಾಗ ಮತ್ತೆ ಅಳೆಯುತ್ತಿರಬೇಕು.

ಇನ್ನೊಂದು ಮಾತು. ಪರದೆ ದೂರ ಹೋದಷ್ಟೂ ಪರದೆಗೂ ಯಂತ್ರಕ್ಕೂ ನಡುವೆ ಜಾಗ ಉಳಿಯುತ್ತದೆ. ಅಲ್ಲಿ ಒಬ್ಬರು ನಿಂತುಬಿಟ್ಟರೆ ಬೆಳಕು ಮತ್ತೆ ತೆರವಾಗಿ ಯಂತ್ರ ಶುರುವಾಗಬಹುದು. ಆ ಜಾಗವನ್ನು ಗಾರ್ಡ್‌ನಿಂದಲೋ ಅಡ್ಡ ಪರದೆಯಿಂದಲೋ ಮುಚ್ಚಬೇಕು. ಮೇಲಿಂದ, ಕೆಳಗಿಂದ, ಪಕ್ಕದಿಂದ ಕೈ ಹಾಕಲು ಆಗದ ಹಾಗೂ ನೋಡಿಕೊಳ್ಳಬೇಕು.

ನಾಲ್ಕನೇ ಪ್ರಶ್ನೆ: ಯಾರನ್ನು, ಎಲ್ಲಿಂದ ಕಾಪಾಡಬೇಕು?

ಸೆನ್ಸರ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಆಯ್ಕೆ ಸುಲಭ.

ಲೈಟ್ ಕರ್ಟನ್: ಕೈ ಪದೇ ಪದೇ ಒಳಗೆ ಹೋಗುವ, ಬೇಗ ನಿಲ್ಲಬಲ್ಲ ಯಂತ್ರಕ್ಕೆ. ಎದುರಿಗೆ ಯಾರೇ ಕೈ ಹಾಕಿದರೂ ಗೊತ್ತಾಗುತ್ತದೆ, ಆಪರೇಟರ್ ಆಗಲಿ ಹೆಲ್ಪರ್ ಆಗಲಿ. ಆದರೆ ಇದು ಬರೀ ಬೆಳಕು. ಡೈ ಒಡೆದು ಚೂರು ಹಾರಿದರೆ ತಡೆಯುವುದಿಲ್ಲ. ಹಾರುವ ವಸ್ತುವಿನ ಅಪಾಯ ಇದ್ದ ಕಡೆ ಗಟ್ಟಿ ಗಾರ್ಡ್ ಬೇಕು.

ಎರಡು ಕೈ ಬಟನ್: ಎರಡೂ ಬಟನ್ ಅರ್ಧ ಸೆಕೆಂಡ್ ಅಂತರದೊಳಗೆ ಒತ್ತಬೇಕು, ಒತ್ತಿ ಹಿಡಿದೇ ಇರಬೇಕು. ಒಂದು ಬಿಟ್ಟರೂ ಯಂತ್ರ ನಿಲ್ಲಬೇಕು. ಇದಕ್ಕೂ ದೂರದ ಲೆಕ್ಕ ಇದೆ: 1,600 × ಸಮಯ + 250 ಮಿ.ಮೀ. ನಮ್ಮ ಉದಾಹರಣೆ ಪ್ರೆಸ್‌ಗೆ ರಿಲೇ ಮತ್ತು ಬ್ರೇಕ್ ಸೇರಿ 0.17 ಸೆಕೆಂಡ್ ಹಿಡಿದರೆ 522 ಮಿ.ಮೀ. ಒಂದು ಕೈಯಿಂದಲೋ, ಕೈ ಮತ್ತು ಮೊಣಕೈಯಿಂದಲೋ ಎರಡನ್ನೂ ಒತ್ತಲು ಆಗದ ಹಾಗೆ ಅಂತರ, ಮುಚ್ಚಿಗೆ ಇರಬೇಕು. ಇದರ ಮಿತಿ ಏನೆಂದರೆ ಬಟನ್ ಒತ್ತಿದವರ ಕೈಯನ್ನು ಮಾತ್ರ ಇದು ಕಾಪಾಡುತ್ತದೆ. ಪಕ್ಕದಲ್ಲಿ ಪೀಸ್ ತೆಗೆಯುವ ಹುಡುಗನಿಗೆ ಯಾವ ರಕ್ಷಣೆಯೂ ಇಲ್ಲ.

ಇಂಟರ್‌ಲಾಕ್ ಸ್ವಿಚ್ ಇರುವ ಬಾಗಿಲು: ಅಪರೂಪಕ್ಕೆ ತೆರೆಯುವ ಕಡೆ. ಬಾಗಿಲು ತೆರೆದರೆ ಯಂತ್ರ ನಿಲ್ಲುತ್ತದೆ. ಆದರೆ ಸ್ಪಿಂಡಲ್, ಗರಗಸ, ಸೆಂಟ್ರಿಫ್ಯೂಜ್ ತರಹದವು ಆಫ್ ಮಾಡಿದ ಮೇಲೂ ಬಹಳ ಹೊತ್ತು ತಿರುಗುತ್ತವೆ. ಅಂಥ ಕಡೆ ಚಲನೆ ಪೂರ್ತಿ ನಿಲ್ಲುವವರೆಗೂ ಬಾಗಿಲನ್ನು ಬೀಗ ಹಾಕಿ ಹಿಡಿಯುವ ಸ್ವಿಚ್ ಬೇಕು.

ಸೇಫ್ಟಿ ಮ್ಯಾಟ್: ಜನ ನಡೆದು ಒಳಗೆ ಬರುವ ಜಾಗಕ್ಕೆ. ನೆಲಮಟ್ಟದ ಮ್ಯಾಟ್‌ಗೆ ದೂರ 1,600 × ಸಮಯ + 1,200 ಮಿ.ಮೀ. ಒಂದು ರೋಬಾಟ್ ನಿಲ್ಲಲು ಎಲ್ಲ ಸೇರಿ 0.6 ಸೆಕೆಂಡ್ ಬೇಕಾದರೆ 2,160 ಮಿ.ಮೀ., ಅಂದರೆ ಎರಡು ಮೀಟರ್‌ಗೂ ಹೆಚ್ಚು. ಚೂಪಾದ ಚಿಪ್ಸ್ ಬೀಳುವ, ಟ್ರಾಲಿ ಓಡಾಡುವ ನೆಲದಲ್ಲಿ ಮ್ಯಾಟ್ ಬಾಳುವುದಿಲ್ಲ.

ಲೇಸರ್ ಸ್ಕ್ಯಾನರ್: ರೋಬಾಟ್ ಸೆಲ್‌ನ ನೆಲ, ತಾನಾಗಿ ಓಡುವ ಟ್ರಾಲಿ ಇವಕ್ಕೆ ಒಳ್ಳೆಯದು. ವಲಯವನ್ನು ಬೇಕಾದ ಆಕಾರಕ್ಕೆ ಬರೆದುಕೊಳ್ಳಬಹುದು. ದೂಳು, ಕೂಲೆಂಟ್ ಮಂಜು ತುಂಬಿದ ಜಾಗದಲ್ಲಿ ಸುಮ್ಮಸುಮ್ಮನೆ ಟ್ರಿಪ್ ಆಗಿ ತಲೆನೋವು ತರುತ್ತದೆ.

ಎಮರ್ಜೆನ್ಸಿ ಸ್ಟಾಪ್ ಬಟನ್ ಈ ಪಟ್ಟಿಯಲ್ಲಿ ಯಾಕಿಲ್ಲ ಅಂತ ನೀವು ಕೇಳಬಹುದು. ಅದನ್ನು ಒತ್ತಬೇಕಾದರೆ ಯಾರೋ ಅಪಾಯವನ್ನು ಮೊದಲು ನೋಡಿರಬೇಕು. ಕೈ ಸಿಕ್ಕಿಕೊಂಡವನು ಒತ್ತಲಾರ. ಅದು ಇರಲೇಬೇಕು, ಆದರೆ ರಕ್ಷಣೆಯ ಲೆಕ್ಕಕ್ಕೆ ಬರುವುದಿಲ್ಲ.

ಐದನೇ ಪ್ರಶ್ನೆ: ಸೆನ್ಸರ್ ಕೆಟ್ಟರೆ ಏನಾಗುತ್ತದೆ?

ಈಗ ನಮ್ಮ ಆರ್ಡುಯಿನೋಗೆ ಬರೋಣ. ಗಾಳಿ ಕ್ಲಚ್ ಪ್ರೆಸ್‌ಗೇ ಹಾಕಿದ್ದೇವೆ ಎಂದುಕೊಂಡರೂ ಅದು ಪಾಸ್ ಆಗುವುದಿಲ್ಲ. ಮೇಡಂ ನಮ್ಮನ್ನು ಕೂರಿಸಿಕೊಂಡು ಒಂದೊಂದೇ ಕೇಳಿದರು.

ಕಿಟಕಿಯ ಬಿಸಿಲು ರಿಸೀವರ್ ಮೇಲೆ ಬಿದ್ದರೆ? ಕೈ ಅಡ್ಡ ಇದ್ದರೂ ಬೆಳಕು ಇದೆ ಅಂತಲೇ ಓದುತ್ತದೆ. ರಿಲೇ ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡರೆ? ಪ್ರೋಗ್ರಾಂ ಆಫ್ ಅಂದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಪ್ರೋಗ್ರಾಂ ಹ್ಯಾಂಗ್ ಆದರೆ? ಔಟ್‌ಪುಟ್ ಕೊನೆಯ ಸ್ಥಿತಿಯಲ್ಲೇ ಉಳಿಯುತ್ತದೆ. ಕೈ ತೆಗೆದ ತಕ್ಷಣ ಏನಾಗುತ್ತದೆ? ನಮ್ಮದು ತಾನಾಗಿ ಮತ್ತೆ ಆನ್ ಆಗುತ್ತಿತ್ತು. ನಾಲ್ಕಕ್ಕೆ ನಾಲ್ಕೂ ತಪ್ಪು.

ಕೈಗಾರಿಕೆಯ ಸೇಫ್ಟಿ ಲೈಟ್ ಕರ್ಟನ್ ದುಬಾರಿ ಆಗಿರುವುದು ಈ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡಿರುವುದರಿಂದ. ಐಇಸಿ 61496 ಪ್ರಕಾರದ ಟೈಪ್ 4 ಪರದೆಯಲ್ಲಿ ಒಂದು ಭಾಗ ಕೆಟ್ಟರೂ ರಕ್ಷಣೆ ತಪ್ಪಬಾರದು. ಬೆಳಕನ್ನು ಮಿಡಿತಗಳಾಗಿ ಕಳಿಸುವುದರಿಂದ ಬಿಸಿಲಿಗೂ ತನ್ನ ಬೆಳಕಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಔಟ್‌ಪುಟ್ ಎರಡು ಇರುತ್ತವೆ, ಅವನ್ನು ಅದು ತಾನೇ ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಮುಂದಿನ ಸೇಫ್ಟಿ ರಿಲೇಯಲ್ಲಿ ಕಾಂಟ್ಯಾಕ್ಟ್‌ಗಳು ಒಂದಕ್ಕೊಂದು ಯಾಂತ್ರಿಕವಾಗಿ ಜೋಡಿಸಿರುತ್ತವೆ. ಒಂದು ಅಂಟಿಕೊಂಡರೆ ಮುಂದಿನ ಸಲ ಯಂತ್ರ ಶುರುವಾಗುವುದಿಲ್ಲ. ಕೈ ತೆಗೆದ ಮೇಲೂ ಯಾರಾದರೂ ರೀಸೆಟ್ ಒತ್ತಬೇಕು ಎಂದು ಜೋಡಿಸಬಹುದು. ಆ ರೀಸೆಟ್ ಬಟನ್ ಅಪಾಯದ ಜಾಗ ಪೂರ್ತಿ ಕಾಣುವ ಕಡೆ ಇರಬೇಕು, ಆದರೆ ಒಳಗೆ ನಿಂತವರ ಕೈಗೆ ಸಿಗಬಾರದು.

ಎಷ್ಟು ಮಟ್ಟದ ಭರವಸೆ ಬೇಕು ಅನ್ನೋದನ್ನ ಐಎಸ್‌ಒ 13849-1 ಮೂರು ಪ್ರಶ್ನೆಗಳಿಂದ ಹೇಳುತ್ತದೆ. ಗಾಯ ಸಣ್ಣದೋ, ಮತ್ತೆ ಸರಿಹೋಗದಂಥದ್ದೋ? ಅಪಾಯಕ್ಕೆ ಒಡ್ಡಿಕೊಳ್ಳುವುದು ಅಪರೂಪವೋ, ಪದೇ ಪದೇಯೋ? ತಪ್ಪಿಸಿಕೊಳ್ಳಲು ಸಾಧ್ಯವೋ, ಇಲ್ಲವೋ? ಪ್ರೆಸ್ ಎದುರು ಮೂರಕ್ಕೂ ಕೆಟ್ಟ ಉತ್ತರವೇ ಬರುತ್ತದೆ. ಹಾಗಾಗಿ 'ಎ'ಯಿಂದ 'ಇ'ವರೆಗಿನ ಐದು ಮಟ್ಟಗಳಲ್ಲಿ ಅತಿ ಮೇಲಿನ 'ಇ' ಬೇಕು. ಅಂದರೆ ಅಪಾಯಕಾರಿಯಾಗಿ ಕೆಡುವ ಸಂಭವ ಗಂಟೆಗೆ ಒಂದು ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಈ ಮಟ್ಟ ಸೆನ್ಸರ್‌ಗೆ ಮಾತ್ರ ಅಲ್ಲ. ಸೆನ್ಸರ್, ರಿಲೇ, ಕ್ಲಚ್ ವಾಲ್ವ್ ಇಡೀ ಸರಪಳಿಗೆ. ಟೈಪ್ 4 ಪರದೆ ತಂದು ಒಂದೇ ಒಂದು ಸಾದಾ ವಾಲ್ವ್‌ಗೆ ಜೋಡಿಸಿದರೆ ಆ ವಾಲ್ವ್ ಅಂಟಿಕೊಂಡ ದಿನ ಪರದೆ ಲೆಕ್ಕಕ್ಕಿಲ್ಲ. ಅದಕ್ಕೇ ಪ್ರೆಸ್‌ಗಳಿಗೆ ಒಂದರ ಮೇಲೊಂದು ಕಣ್ಣಿಡುವ ಜೋಡಿ ವಾಲ್ವ್ ಇರುತ್ತದೆ.

ಆರನೇ ಪ್ರಶ್ನೆ: ಇದನ್ನು ಯಾರು, ಯಾಕೆ ಬೈಪಾಸ್ ಮಾಡುತ್ತಾರೆ?

ಆ ಶಾಪ್‌ನಲ್ಲೇ ಒಂದು ಬಾಗಿಲಿನ ಮ್ಯಾಗ್ನೆಟ್ ಸ್ವಿಚ್‌ಗೆ ಇನ್ನೊಂದು ಮ್ಯಾಗ್ನೆಟ್ ತಂದು ಟೇಪ್ ಸುತ್ತಿದ್ದರು. ಬಾಗಿಲು ತೆರೆದಿದ್ದರೂ ಯಂತ್ರ ಓಡುತ್ತಿತ್ತು. ನಾವು ಮೊದಲು, "ಏನ್ ಅಣ್ಣ ಇದು, ನಿಮ್ಮ ಕೈಗೇ ಅಲ್ವಾ ಅಪಾಯ?" ಅಂತ ಕೇಳಿಬಿಟ್ಟೆವು. "ತಾಸಿಗೆ ಇಷ್ಟು ಪೀಸ್ ಅಂತ ಲೆಕ್ಕ ಐತಿ ತಮ್ಮಾ. ಚಿಪ್ಸ್ ತಗೀಲಿಕ್ಕೆ ಹತ್ತ ಸಲ ಬಾಗಿಲ ತಗದ್ರ ಹತ್ತ ಸಲ ನಿಲ್ತೈತಿ. ಲೆಕ್ಕ ಯಾರು ಕೊಡ್ತಾರ?" ಅಂದರು.

ಇದಕ್ಕೆ ಆಪರೇಟರ್‌ಗೆ ಬೈದು ಪ್ರಯೋಜನ ಇಲ್ಲ. ಇಂಟರ್‌ಲಾಕ್‌ಗಳ ಮಾನದಂಡ ಐಎಸ್‌ಒ 14119 ಕೂಡ ಬೈಪಾಸ್ ಮಾಡಲು ಜನರನ್ನು ಪ್ರೇರೇಪಿಸುವ ಕಾರಣವನ್ನು ವಿನ್ಯಾಸಕಾರರೇ ಹುಡುಕಿ ತೆಗೆಯಬೇಕು ಎನ್ನುತ್ತದೆ. ಕೋಡ್ ಇರುವ ಸ್ವಿಚ್ ಹಾಕಿದರೆ ಬೇರೆ ಮ್ಯಾಗ್ನೆಟ್‌ಗೆ ಮೋಸ ಹೋಗುವುದಿಲ್ಲ, ಸರಿ. ಆದರೆ ಚಿಪ್ಸ್ ತಾನಾಗಿ ಹೊರಗೆ ಬೀಳುವ ದಾರಿ ಮಾಡಿದರೆ ಬಾಗಿಲು ತೆರೆಯುವ ಅಗತ್ಯವೇ ಇರುವುದಿಲ್ಲ. ಎರಡನೆಯದೇ ಹೆಚ್ಚು ದಿನ ಉಳಿಯುವ ಪರಿಹಾರ.

ಇದು ಒಂದು ಶಾಪ್‌ನ ಕತೆಯಲ್ಲ. ಹರಿಯಾಣದ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ಜೊತೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಫೌಂಡೇಶನ್ 2019ರಿಂದ 'ಕ್ರಶ್ಡ್' ಹೆಸರಿನ ವರದಿಗಳನ್ನು ತರುತ್ತಿದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಯಂತ್ರ ಪವರ್ ಪ್ರೆಸ್. ಕಾನೂನೂ ಹೊಸದೇನಲ್ಲ. ಯಂತ್ರದ ಅಪಾಯಕಾರಿ ಭಾಗಗಳಿಗೆ ಗಟ್ಟಿಯಾದ ರಕ್ಷಣೆ ಇರಬೇಕು, ಅದು ಭಾಗಗಳು ಚಲಿಸುವಾಗ ಸ್ಥಾನದಲ್ಲೇ ಇರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಂ ಹೇಳಿತ್ತು.

ಕೊನೆಗೆ ನಾವು ಏನು ಮಾಡಿದೆವು

ನಮ್ಮ ಆರ್ಡುಯಿನೋ ಪೆಟ್ಟಿಗೆಯನ್ನು ವಾಪಸ್ ತಂದೆವು. ರಿಪೋರ್ಟ್‌ನ ಮೊದಲ ಪುಟದಲ್ಲಿ "ಇದು ಡೆಮೋ ಮಾತ್ರ, ಯಾವ ಯಂತ್ರಕ್ಕೂ ಜೋಡಿಸಬಾರದು" ಎಂದು ಬರೆದೆವು. ಮಾಲೀಕರು ಒಪ್ಪಿದ ಮೇಲೆ, ಅಣ್ಣನ ಕೀ ಕ್ಲಚ್ ಪ್ರೆಸ್‌ಗೆ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಸಹಾಯದಿಂದ ಒಂದು ಗಾರ್ಡ್ ಮಾಡಿದೆವು. ಎಂಎಸ್ ಫ್ಲಾಟ್‌ನ ಚೌಕಟ್ಟು, ಒಳಗೆ ಕಾಣಲಿ ಅಂತ ಪಾಲಿಕಾರ್ಬೊನೇಟ್ ಹಾಳೆ, ಪಟ್ಟಿ ಹೋಗಲು 6 ಮಿ.ಮೀ. ಸೀಳು. ಸ್ಪಾನರ್ ಇಲ್ಲದೆ ಬಿಚ್ಚಲು ಆಗದ ಬೋಲ್ಟ್. ಮೊದಲ ಗಾರ್ಡ್‌ನಲ್ಲಿ ಪಟ್ಟಿಯ ತುದಿ ಸೀಳಿಗೆ ಸಿಕ್ಕಿ ಸಿಕ್ಕಿ ನಿಲ್ಲುತ್ತಿತ್ತು. ಅಣ್ಣ, "ಹಿಂಗಿದ್ರ ನಾಳೆನೇ ಬಿಚ್ಚತೀನಿ ನೋಡ್ರಿ" ಅಂದರು. ಸೀಳಿನ ಬಾಯಿಗೆ ಇಳಿಜಾರು ಕೊಟ್ಟು ಮತ್ತೆ ಮಾಡಿದೆವು. ಆಗ ಒಪ್ಪಿದರು. ಅದರಲ್ಲಿ ಸೆನ್ಸರ್ ಒಂದೂ ಇಲ್ಲ. ಕೀ ಮತ್ತು ಸ್ಪ್ರಿಂಗ್ ಸವೆದು ಎರಡನೇ ಹೊಡೆತ ಬಂದರೂ ಬೆರಳು ಅಲ್ಲಿರುವುದಿಲ್ಲ.

ನೀವು ಪ್ರಾಜೆಕ್ಟ್ ಮಾಡುವಾಗಲೋ, ಕೆಲಸಕ್ಕೆ ಸೇರಿ ಸೆನ್ಸರ್ ಕೊಟೇಶನ್ ಕೇಳುವಾಗಲೋ ಈ ಆರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ:

1. ಯಂತ್ರ ನಡುವೆ ನಿಲ್ಲಬಲ್ಲದೇ?
2. ಕೈ ಅಲ್ಲಿಗೆ ಹೋಗದ ಹಾಗೆ ಮಾಡಬಹುದೇ?
3. ನಿಲ್ಲಲು ಎಷ್ಟು ಸಮಯ ಎಂದು ಅಳೆದಿದ್ದೇವೆಯೇ? ಅದಕ್ಕೆ ತಕ್ಕ ದೂರ ಸಿಗುತ್ತದೆಯೇ?
4. ಆಪರೇಟರ್ ಮಾತ್ರವೋ, ಅಕ್ಕಪಕ್ಕದವರೂ ಇದ್ದಾರೋ?
5. ಯಾವ ಭಾಗ ಕೆಟ್ಟರೂ ಯಂತ್ರ ನಿಲ್ಲುವ ಕಡೆಗೇ ಹೋಗುತ್ತದೆಯೇ?
6. ಇದರ ಜೊತೆ ಎಂಟು ಗಂಟೆ ಕೆಲಸ ಮಾಡುವವರು ಇದನ್ನು ಇಟ್ಟುಕೊಳ್ಳುತ್ತಾರೆಯೇ?

ಆರನೆಯದಕ್ಕೆ ಉತ್ತರ ಯಾವ ಮಾನದಂಡದ ಪುಸ್ತಕದಲ್ಲೂ ಸಿಗುವುದಿಲ್ಲ. ಶಾಪ್ ಫ್ಲೋರ್‌ಗೆ ಹೋಗಿ, ಅಣ್ಣಂದಿರ ಹತ್ತಿರ ಟೀ ಕುಡಿಯುತ್ತಾ ಕೇಳಬೇಕು. ನಾವು ಡಿಸೈನ್ ಮುಗಿಸಿದ ಮೇಲೆ ಹೋದೆವು. ನೀವು ಶುರು ಮಾಡುವ ಮೊದಲೇ ಹೋಗಿ.